ಹಾಡಿಯಿಂದ ಲ್ಯಾಬಿಗೆ: ನನ್ನ ಸಂಶೋಧನಾ ಎಂಎಸ್ಸಿಯ ಅನುಭವ

ಹೋದ ತಿಂಗಳು ವೈವಾ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆ ಮುಗಿಯಿತು, ಮೊನ್ನೆ ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಕೈಗೆ ಬಂತು. ಬಯೋಮೆಡಿಕಲ್ ಸೈನ್ಸ್‌ನಲ್ಲಿ ಸಂಶೋಧನಾ ಎಂಎಸ್ಸಿ ಮಾಡಲು ಹೊರಟಿರುವ ನಮ್ಮ ಕೊಡಗಿನ ಕೆಲವು ತಂಗಿ ತಮ್ಮಂದಿರು ಆಗಲೇ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಎಲ್ಲರೂ ಕೇಳುವುದು ಲ್ಯಾಬಿನ ಬಗ್ಗೆ. ಪಿಸಿಆರ್ (ಡಿಎನ್‌ಎ ತುಣುಕನ್ನು ಹೆಚ್ಚಿಸುವ ವಿಧಾನ) ಕಷ್ಟವಾ ಅಕ್ಕ, ಮೆಷಿನ್ ಎಲ್ಲ ನಾವೇ ನಡೆಸಬೇಕಾ, ಅಂತ. ಲ್ಯಾಬಿನ ಕೆಲಸಕ್ಕೆ ಕಲಿಸುವವರು ಸಿಗುತ್ತಾರೆ. ನನ್ನ ಸಮಯ ಹೆಚ್ಚು ಹೋದದ್ದು ಅನುಮತಿ ಪತ್ರಗಳಿಗೆ, ಮಳೆಗೆ, ಕಾಫಿ ಕೊಯ್ಲಿಗೆ. ಎಲ್ಲಕ್ಕಿಂತ ದೊಡ್ಡ ಕೆಲಸವೆನಿಸಿದ್ದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ನನ್ನ ಅಧ್ಯಯನಕ್ಕಾಗಿ ಹಾಡಿಗಳಲ್ಲಿ (ಬುಡಕಟ್ಟು ಜನರ ಪುಟ್ಟ ಊರುಗಳಲ್ಲಿ) ರಕ್ತ ಕೊಟ್ಟವರಿಗೆ ಅವರ ಫಲಿತಾಂಶವನ್ನು ಸರಿಯಾಗಿ ತಲುಪಿಸಿದ್ದು. ಪ್ರಾಸ್ಪೆಕ್ಟಸ್‌ನಲ್ಲಿ ಇದೊಂದೂ ಇರುವುದಿಲ್ಲವಾದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಮೊದಲು ಈ ಕೋರ್ಸ್ ಏನು ಎಂಬುದು. ನಮ್ಮ ಮನೆಯಲ್ಲಿ ಒಬ್ಬರು ಇದನ್ನು ಡಾಕ್ಟರ್ ಓದು ಅಂದುಕೊಂಡಿದ್ದರು, ಇನ್ನೊಬ್ಬರು ಲ್ಯಾಬ್ ಟೆಕ್ನಿಷಿಯನ್ ಕೆಲಸ ಅಂದುಕೊಂಡಿದ್ದರು, ಚಿಕ್ಕಪ್ಪ ಆಸ್ಪತ್ರೆಯ ಮೆಷಿನ್ ರಿಪೇರಿ ಮಾಡುವ ಎಂಜಿನಿಯರಿಂಗ್ ಅಂದುಕೊಂಡಿದ್ದರು. ಮೂರೂ ಅಲ್ಲ. ಕಾಯಿಲೆಯೊಂದು ಜೀವಕೋಶ, ಜೀನ್, ಪ್ರೋಟೀನ್ ಮಟ್ಟದಲ್ಲಿ ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಪತ್ತೆ ಹಚ್ಚಬಹುದು ಎಂದು ಕಲಿಯುವ ವಿಷಯ ಇದು. ಸಂಶೋಧನಾ ಎಂಎಸ್ಸಿಯಲ್ಲಿ ತರಗತಿ ಕಡಿಮೆ, ಪ್ರಬಂಧದ ತೂಕ ಹೆಚ್ಚು. ಹಿಂದೆ ಪಿಎಚ್‌ಡಿಗೆ ಮುಂಚೆ ಎಂಫಿಲ್ ಮಾಡುವ ದಾರಿ ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಅದನ್ನು ನಿಲ್ಲಿಸಿತು. 2024ರಲ್ಲಿ ಬಂದ ಸ್ನಾತಕೋತ್ತರ ಪಠ್ಯಕ್ರಮದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿ ಮುಗಿಸಿದವರಿಗೆ ಎರಡನೇ ವರ್ಷ ಪೂರ್ತಿ ಸಂಶೋಧನೆಗೆ ಬಿಡುವ ಎಂಎಸ್ಸಿಯನ್ನು ವಿಶ್ವವಿದ್ಯಾಲಯಗಳು ನಡೆಸಬಹುದು. ಸೇರುವ ಮೊದಲು ನಿಮ್ಮ ಸಂಸ್ಥೆಯಲ್ಲಿ ಸಂಶೋಧನೆಗೆ ನಿಜಕ್ಕೂ ಎಷ್ಟು ತಿಂಗಳು ಸಿಗುತ್ತದೆ ಎಂದು ಸೀನಿಯರ್‌ಗಳನ್ನು ಕೇಳಿ. ಕಾಗದದಲ್ಲಿ ಒಂದು ವರ್ಷ ಅಂತಿದ್ದರೂ ಇಂಟರ್ನಲ್ಸ್, ಸೆಮಿನಾರ್ ಎಂದು ಅರ್ಧ ಕರಗುವ ಕಡೆಗಳೂ ಇವೆ.

ನನ್ನ ಅಪ್ಪ ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಬಿಎಸ್ಸಿ ಕೊಡಗಿನಲ್ಲೇ ಆಯಿತು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತಾದರೂ ನಮ್ಮ ಬ್ಯಾಚಿನ ಅಂಕಪಟ್ಟಿಗಳೆಲ್ಲ ಮಂಗಳೂರು ವಿಶ್ವವಿದ್ಯಾಲಯದವು. ನನಗೆ ಸೀಟು ಸಿಕ್ಕಿದ್ದು ಮೈಸೂರಿನ ಒಂದು ಸಂಸ್ಥೆಯಲ್ಲಿ, ಆದ್ದರಿಂದ ವಲಸೆ ಪ್ರಮಾಣಪತ್ರ ಬೇಕಾಯಿತು. ಅದಕ್ಕಾಗಿ ಸಂಪಾಜೆ ಘಾಟಿ ಇಳಿದು ಆ ವಿಶ್ವವಿದ್ಯಾಲಯದ ಕ್ಯಾಂಪಸ್ ಮಂಗಳಗಂಗೋತ್ರಿಗೆ ಹೋಗಿ ಬಂದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಸೀಟು ಸಿಗುವ ಮೊದಲೇ ಸರಿ ಮಾಡಿಸಿಕೊಳ್ಳಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಜಾತಿ ಆದಾಯ ಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ದಾಖಲೆಗಳ ಇ-ದೃಢೀಕರಣ, ಇವಿಷ್ಟರಲ್ಲಿ ಒಂದು ತಪ್ಪಿದರೂ ಹಣ ಬರುವುದಿಲ್ಲ. ದಾಖಲೆಗಳನ್ನು ಒಂದೇ ಫೈಲಿನಲ್ಲಿ ಹಾಕಿ, ಸ್ಕ್ಯಾನ್ ಮಾಡಿ ಫೋನಿನಲ್ಲೂ ಇಟ್ಟುಕೊಳ್ಳಿ. ಈ ಹಂತ ಬೇಸರದ್ದು, ಆದರೆ ಭಯಪಡುವಂಥದ್ದಲ್ಲ.

ಮೊದಲ ಸೆಮಿಸ್ಟರಿನಲ್ಲೇ ಗೈಡ್ ಮೇಡಂ ವಿಷಯ ಆರಿಸಲು ಹೇಳಿದರು. ನಾನು ಆರಿಸಿದ್ದು ಕುಡಗೋಲು ಕಣ ರಕ್ತಹೀನತೆ, ಎಲ್ಲರೂ ಸಿಕಲ್ ಸೆಲ್ ಅನ್ನುತ್ತಾರೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಹುಡುಗಿಯೊಬ್ಬಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಚಳಿ ಬಂತೆಂದರೆ ಮೂಳೆ ನೋವು ಎಂದು ವಾರಗಟ್ಟಲೆ ಬರುತ್ತಿರಲಿಲ್ಲ. ಅವಳಿಗೆ ಏನಿತ್ತೋ ಯಾರೂ ಪರೀಕ್ಷೆ ಮಾಡಿಸಲಿಲ್ಲ, 'ರಕ್ತ ಕಮ್ಮಿ' ಅಂತಿದ್ದರು ಅಷ್ಟೆ. ಬಿಎಸ್ಸಿಯಲ್ಲಿ ಈ ಕಾಯಿಲೆಯ ಲಕ್ಷಣಗಳನ್ನು ಓದುವಾಗ ಅವಳದೇ ನೆನಪಾಗುತ್ತಿತ್ತು.

ಕಾಯಿಲೆಯ ಬೇರು ಬಹಳ ಸಣ್ಣದು. ಹನ್ನೊಂದನೇ ಕ್ರೋಮೋಸೋಮಿನಲ್ಲಿರುವ ಬೀಟಾ ಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಕೆಂಪು ರಕ್ತಕಣ ಕುಡಗೋಲಿನ ಆಕಾರಕ್ಕೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ನೋವು ಬರುವುದು ಅದರಿಂದ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಈ ಜೀನಿನ ಎರಡು ಪ್ರತಿಗಳೂ ಬದಲಾಗಿದ್ದರೆ ಕಾಯಿಲೆ, ಒಂದೇ ಪ್ರತಿ ಬದಲಾಗಿದ್ದರೆ ಅವರು ವಾಹಕರು. ಸಾಮಾನ್ಯವಾಗಿ ಅವರಿಗೆ ತೊಂದರೆ ಇರುವುದಿಲ್ಲ, ಮೇಲಾಗಿ ಫಾಲ್ಸಿಪಾರಮ್ ಮಲೇರಿಯಾ ತೀವ್ರವಾಗುವುದರಿಂದ ಸ್ವಲ್ಪ ರಕ್ಷಣೆಯೂ ಇರುತ್ತದೆ. ಮಲೇರಿಯಾ ಇದ್ದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದವರಲ್ಲಿ ಈ ಗುಣ ಉಳಿದುಬಂದದ್ದಕ್ಕೆ ಕಾರಣ ಇದು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀಲಗಿರಿ, ವಯನಾಡು, ನಾಗರಹೊಳೆ ಒಂದಕ್ಕೊಂದು ಅಂಟಿಕೊಂಡ ಕಾಡುಗಳು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿದಾಗ ಅದರ 17 ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಮ್ಮ ಯರವ, ಜೇನುಕುರುಬ, ಪಣಿಯ ಬುಡಕಟ್ಟುಗಳ ಹಾಡಿಗಳಲ್ಲಿ ಸರಳವಾದ ತಪಾಸಣಾ ಪರೀಕ್ಷೆಯ ಫಲಿತಾಂಶವನ್ನು ಡಿಎನ್‌ಎ ಪರೀಕ್ಷೆಯ ಜೊತೆ ಹೋಲಿಸಿ ನೋಡುವುದು ನನ್ನ ಪ್ರಬಂಧವಾಯಿತು.

ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ ಒಪ್ಪಿಗೆಯಾದ ಮೇಲೆ ನೈತಿಕ ಸಮಿತಿ. ಮನುಷ್ಯರ ರಕ್ತ, ಎಂಜಲು, ಕೊನೆಗೆ ಕೇಸ್ ಶೀಟು ಮುಟ್ಟಬೇಕಿದ್ದರೂ ಈ ಸಮಿತಿಯ ಒಪ್ಪಿಗೆ ಬೇಕು, ಮಾದರಿ ತೆಗೆದ ಮೇಲೆ ಪಡೆದರೆ ನಡೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಈ ವಿಷಯದಲ್ಲಿ ನಮಗೆ ಆಧಾರ. ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಿರಬೇಕು. ವೈದ್ಯರು, ವಿಜ್ಞಾನಿಗಳ ಜೊತೆ ಕಾನೂನು ತಿಳಿದವರು, ಸಮಾಜ ವಿಜ್ಞಾನದವರು, ಒಬ್ಬ ಸಾಮಾನ್ಯ ನಾಗರಿಕರೂ ಕೂತಿರುತ್ತಾರೆ. ಸಭೆ ಪ್ರತಿ ತಿಂಗಳು ನಡೆಯುವುದಿಲ್ಲ. ಒಂದು ಸಭೆ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಅಷ್ಟರಲ್ಲಿ ಸೆಮಿಸ್ಟರೇ ಜಾರುತ್ತದೆ. ನಮ್ಮ ಮೇಡಂ ಮೊದಲ ಸೆಮಿಸ್ಟರ್ ಪರೀಕ್ಷೆಗೂ ಮುಂಚೆ ಕಾಗದಗಳನ್ನು ತಯಾರು ಮಾಡಿಸಲು ಕೂರಿಸಿದ್ದು ಯಾಕೆಂದು ಆಗ ಅರ್ಥವಾಯಿತು.

ಕಟ್ಟಬೇಕಾದ ಕಡತ ದಪ್ಪದ್ದು. ಸಂಶೋಧನಾ ಯೋಜನೆ, ಮಾದರಿ ಸಂಖ್ಯೆಯ ಲೆಕ್ಕ, ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಬಜೆಟ್, ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಎರಡರದೂ ಕನ್ನಡ ಅನುವಾದ, ಆ ಅನುವಾದವನ್ನು ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡೂ ಹೊಂದುತ್ತವೆಂದು ಪಡೆದ ಪತ್ರ. 7ರಿಂದ 12 ವರ್ಷದ ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆಯ ಜೊತೆ ಮಗುವಿನ ಬಾಯಿಮಾತಿನ ಸಮ್ಮತಿ ಬೇಕು, ಅದಕ್ಕಿಂತ ದೊಡ್ಡವರಾದರೆ 18 ತುಂಬುವವರೆಗೆ ಬರೆದ ಸಮ್ಮತಿ. ಬುಡಕಟ್ಟು ಸಮುದಾಯವಾದರೆ ಮೊದಲು ಸಮುದಾಯದ ಹಿರಿಯರ ಜೊತೆ ಮಾತಾಡಿ ಒಪ್ಪಿಗೆ ಪಡೆಯಬೇಕು, ಆಮೇಲೆ ಒಬ್ಬೊಬ್ಬರದೂ ಬೇರೆ. ಹಿರಿಯರು ಹೂಂ ಅಂದರೆಂದು ಯಾರ ಕೈಯಿಂದಲೂ ರಕ್ತ ತೆಗೆಯುವಂತಿಲ್ಲ.

ಸಭೆಯಲ್ಲಿ ಪಿಸಿಆರ್ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ. ಸಾಮಾನ್ಯ ನಾಗರಿಕರಾಗಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಒಪ್ಪಿಗೆ ಪತ್ರ ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಅಲ್ಲಮ್ಮಾ, ಇವರ ಮನೆಮಾತು ಕನ್ನಡ ಅಲ್ಲವಲ್ಲ. 'ಆನುವಂಶಿಕ' ಅಂತ ಬರೆದಿದ್ದೀಯ. ನಮ್ಮೂರಿನ ಕನ್ನಡದವರಿಗೇ ಇದು ಅರ್ಥ ಆಗುತ್ತಾ?" ಇನ್ನೊಬ್ಬ ಸದಸ್ಯರು ಕೇಳಿದ್ದು: "ಪಾಸಿಟಿವ್ ಬಂದವರಿಗೆ ಯಾರು ಹೇಳುತ್ತಾರೆ, ಹೇಳಿದ ಮೇಲೆ ಅವರನ್ನು ಯಾರು ನೋಡಿಕೊಳ್ಳುತ್ತಾರೆ?" ತಿದ್ದುಪಡಿ ಮಾಡಿ ತರಲು ಹೇಳಿ ಕಳಿಸಿದರು. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತಾಗ ಕಣ್ಣಲ್ಲಿ ನೀರಿತ್ತು, ಇನ್ನೆಷ್ಟು ಕಾಯಬೇಕೋ ಅಂತ. ಈಗ ಆ ಇಬ್ಬರಿಗೂ ನಾನು ಋಣಿ. ಒಪ್ಪಿಗೆ ಪತ್ರವನ್ನು ಪೂರ್ತಿ ಹೊಸದಾಗಿ ಬರೆದೆವು: 'ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ', 'ಒಂದು ಸಣ್ಣ ಚಮಚದ ಅರ್ಧದಷ್ಟು ರಕ್ತ', 'ಬೇಡ ಅಂದರೆ ಆಸ್ಪತ್ರೆಯಲ್ಲಿ ಸಿಗುವ ಔಷಧಿ ನಿಲ್ಲುವುದಿಲ್ಲ'. ಓದು ಬಾರದವರಿಗೆ ಓದಿ ಹೇಳುವಾಗ ನಮ್ಮ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿಯೊಬ್ಬರು ಕೂತಿರಬೇಕು ಎಂಬ ನಿಯಮವಿದೆ. ಹಾಡಿಯಲ್ಲೇ ಪಿಯುಸಿ ಓದಿದ್ದ ಹುಡುಗನೊಬ್ಬ ಮುಂದೆ ಆ ಸಾಕ್ಷಿಯಾದ. ಕನ್ನಡದಲ್ಲಿ ತಿಳಿಯದ್ದನ್ನು ಯರವ ಮಾತಿನಲ್ಲಿ ಬಿಡಿಸಿ ಹೇಳಿದ್ದೂ ಅವನೇ.

ಸಮಿತಿಯ ಪತ್ರ ಬಂದಾಗ ಜುಲೈ. ಕೊಡಗಿನ ಜುಲೈ ಎಂದರೆ ಹೇಳಬೇಕಿಲ್ಲ. ಕರೆಂಟು ಹೋದರೆ ದಿನಗಟ್ಟಲೆ ಇಲ್ಲ, ಮರ ಬಿದ್ದು ರಸ್ತೆ ಬಂದ್, ಶಾಲೆಗೆ ಮಳೆ ರಜೆ. ಮಾದರಿ ತೆಗೆಯುವ ಮಾತೇ ಇಲ್ಲ. ಆ ತಿಂಗಳುಗಳನ್ನು ಉಳಿದ ಅನುಮತಿಗಳಿಗೆ ಬಳಸಿಕೊಂಡೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ, ಬುಡಕಟ್ಟು ಅಭಿವೃದ್ಧಿ ನೋಡಿಕೊಳ್ಳುವ ಐಟಿಡಿಪಿ ಕಚೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಲೈನ್ ಮನೆಯಲ್ಲಿರುವವರ ಮಾದರಿ ಬೇಕಿದ್ದರೆ ತೋಟದ ಮಾಲೀಕರು. ಒಂದು ಕಚೇರಿಯಲ್ಲಿ ನನ್ನ ಅರ್ಜಿ ಟಪಾಲಿನಲ್ಲೇ ವಾರಗಟ್ಟಲೆ ಕೂತಿತ್ತು, ಯಾವ ಟೇಬಲ್ಲಿಗೆ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅರ್ಜಿ ಕೊಟ್ಟ ಕಡೆಯಲ್ಲೆಲ್ಲ ಸ್ವೀಕೃತಿ ಸಂಖ್ಯೆ, ತಾರೀಕು ಬರೆಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಮುಂದಿನ ಸಲ ಹೋದಾಗ ಆ ಸಂಖ್ಯೆ ಹೇಳಿದರೆ ಮಾತ್ರ ಕಡತ ಹುಡುಕುತ್ತಾರೆ. ಇನ್ನೊಂದು ಮಾತು, ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಹಾಡಿಗಳಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಅದು ಎಂಎಸ್ಸಿಯ ಅವಧಿಯಲ್ಲಿ ಮುಗಿಯುವ ಕೆಲಸವಲ್ಲ. ಮೇಡಂ ಸಲಹೆಯಂತೆ ನಾವು ನಾಗರಹೊಳೆಯ ಅಂಚಿನಲ್ಲಿ, ಗಡಿಯ ಹೊರಗಿರುವ ಹಾಡಿಗಳನ್ನೇ ಆರಿಸಿಕೊಂಡೆವು. ಅವುಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಪುಟ್ಟ ಊರುಗಳು, ಹೆಸರು ಹೇಳಿದರೆ ಮನೆ ಹೇಳಿದ ಹಾಗೆ.

ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆದ ಮೇಲೆ ಮಾದರಿ ಸಂಗ್ರಹ ಶುರುವಾಯಿತು. ಬಿಸಿಲು ಬಂದಿತ್ತು, ರಸ್ತೆ ಒಣಗಿತ್ತು, ಆದರೆ ಸಮಯ ಕಡಿಮೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ಅರೇಬಿಕಾ ಕೊಯ್ಲು ಹಿಡಿಯುತ್ತದೆ, ಅದರ ಬೆನ್ನಿಗೇ ರೋಬಸ್ಟಾ. ಬೆಳಿಗ್ಗೆ ಪಿಕಪ್ ಬಂದು ಜನರನ್ನು ತೋಟಕ್ಕೆ ಕರೆದುಕೊಂಡು ಹೋದರೆ ಹಾಡಿಯಲ್ಲಿ ಉಳಿಯುವವರು ಮುದುಕರು, ಮಕ್ಕಳು ಅಷ್ಟೇ. ಕೂಲಿ ತಪ್ಪಿಸಿ ರಕ್ತ ಕೊಡಿ ಎಂದು ಕೇಳುವ ಹಕ್ಕು ನಮಗಿಲ್ಲ. ಭಾನುವಾರ ಮತ್ತು ಸಂತೆಯ ರಜೆ ದಿನ ಮಾತ್ರ ಸಿಗುತ್ತಿತ್ತು. ಸಂಜೆ ಸಿಕ್ಕರೂ ಕತ್ತಲಾಗುವ ಮೊದಲು ಹೊರಡಬೇಕು. "ಆನೆ ಈಚೆ ಬಂದಿದೆ ಅಂತೆ ಅಕ್ಕ, ಐದೂವರೆಗೆ ಎದ್ದುಬಿಡಿ," ಎಂದು ಆಶಾ ಕಾರ್ಯಕರ್ತೆ ಎಬ್ಬಿಸಿ ಕಳಿಸಿದ ದಿನಗಳಿವೆ. ನಿಮ್ಮ ವೇಳಾಪಟ್ಟಿ ಬರೆಯುವಾಗ ಮಳೆಗಾಲ, ಕೊಯ್ಲು, ಶಾಲಾ ಪರೀಕ್ಷೆ ಮೂರನ್ನೂ ಕಳೆದು ಉಳಿದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ರಕ್ತ ತೆಗೆದದ್ದು ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ಅಣ್ಣ. ನನ್ನ ಕೆಲಸ ಒಪ್ಪಿಗೆ ಪಡೆಯುವುದು, ಪ್ರಶ್ನಾವಳಿ ತುಂಬುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಸಂಖ್ಯೆ ಹಾಕುವುದು, ಆ ಸರಳ ತಪಾಸಣೆಯನ್ನು, ಅಂದರೆ ಸಾಲ್ಯುಬಿಲಿಟಿ ಪರೀಕ್ಷೆಯನ್ನು ಅಲ್ಲೇ ಮಾಡುವುದು. ಅಂಗನವಾಡಿಯ ಗಿಡ್ಡ ಮೇಜಿನ ಮೇಲೆ ಟ್ಯೂಬ್ ಸ್ಟ್ಯಾಂಡು. ಡೈಥಯೊನೈಟ್ ದ್ರಾವಣಕ್ಕೆ ಒಂದು ಹನಿಯಷ್ಟು ರಕ್ತ ಸೇರಿಸಿ ಐದು ನಿಮಿಷ ಬಿಡಬೇಕು. ಕಪ್ಪು ಗೆರೆ ಎಳೆದ ಬಿಳಿ ಕಾಗದವನ್ನು ಟ್ಯೂಬಿನ ಹಿಂದೆ ಹಿಡಿದರೆ, ಮಾಮೂಲಿ ರಕ್ತವಾದರೆ ತಿಳಿಗೆಂಪು ದ್ರಾವಣದ ಆಚೆ ಗೆರೆಗಳು ಸ್ಪಷ್ಟ ಕಾಣುತ್ತವೆ. ಕುಡಗೋಲು ಹಿಮೋಗ್ಲೋಬಿನ್ ಇದ್ದರೆ ದ್ರಾವಣ ಮಬ್ಬಾಗಿ ಗೆರೆ ಮರೆಯಾಗುತ್ತದೆ. ಮೊದಲ ಸಲ ಗೆರೆಗಳು ಮರೆಯಾದಾಗ ನನ್ನ ಎದೆ ಹೊಡೆದುಕೊಂಡಿತು. ಎದುರಿಗೇ ಆ ಮಗುವಿನ ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಈ ಪರೀಕ್ಷೆಯಿಂದ ವಾಹಕರೋ ರೋಗಿಯೋ ಎಂದು ತಿಳಿಯುವುದಿಲ್ಲ, ಆರು ತಿಂಗಳೊಳಗಿನ ಮಗುವಾದರೆ ಇದನ್ನು ನಂಬುವ ಹಾಗೂ ಇಲ್ಲ. ಆದ್ದರಿಂದ ಅಲ್ಲಿ ಏನೂ ಹೇಳಬಾರದು, ಮುಖದಲ್ಲೂ ತೋರಿಸಬಾರದು. ಆ ದಿನದಿಂದ ಸ್ಟ್ಯಾಂಡನ್ನು ಒಳಕೋಣೆಗೆ ಸಾಗಿಸಿ ಅಲ್ಲೇ ಓದುತ್ತಿದ್ದೆ.

ಮಾದರಿಯನ್ನು ತಂಪಾಗಿ ಇಡುವುದು ನಾನು ನಿರೀಕ್ಷಿಸದ ತೊಡಕು. ಆರೋಗ್ಯ ಕೇಂದ್ರದಲ್ಲಿ ಐಎಲ್‌ಆರ್ ಎಂಬ ಫ್ರಿಜ್ ಇದೆಯಲ್ಲ, ಒಂದು ರಾತ್ರಿ ಇಟ್ಟರಾಯಿತು ಎಂದುಕೊಂಡಿದ್ದೆವು. ಅದು ಲಸಿಕೆಗೆ ಮಾತ್ರ, ರಕ್ತದ ಟ್ಯೂಬ್ ಇಡುವಂತಿಲ್ಲ ಎಂದು ಫಾರ್ಮಸಿಸ್ಟ್ ಖಡಾಖಂಡಿತವಾಗಿ ಹೇಳಿದರು. ಅವರು ಹೇಳಿದ್ದು ಸರಿಯೇ. ಹಾಗಾಗಿ ಕ್ಯಾರಿಯರ್ ಡಬ್ಬದಲ್ಲಿ ಐಸ್ ಪ್ಯಾಕ್ ಇಟ್ಟುಕೊಂಡು ಅದೇ ಸಂಜೆ ಹುಣಸೂರು ಮೇಲೆ ಮೈಸೂರು ತಲುಪುವುದು ಎಂದಾಯಿತು. ಗಟ್ಟಿ ಮಂಜಿನ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗಿದರೆ ಕಣಗಳು ಒಡೆದು ಮಾದರಿ ಹಾಳಾಗುತ್ತದೆ, ನಡುವೆ ಬಟ್ಟೆಯೋ ಥರ್ಮೋಕೋಲೋ ಇರಲಿ. ಟ್ಯೂಬಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸುತ್ತದೆ, ತಂಪಿಗೆ ಬೆವರಿದರೆ ಲೇಬಲ್ ಕಳಚುತ್ತದೆ. ಲೇಬಲ್ ಮೇಲೆ ಪಾರದರ್ಶಕ ಟೇಪ್ ಸುತ್ತಿ, ಅದೇ ಸಂಖ್ಯೆಯನ್ನು ಒಪ್ಪಿಗೆ ಪತ್ರದ ಮೇಲೂ ಬರೆಯಿರಿ. ಬರಿಗೈಯಲ್ಲಿ ಓಡಾಡುವಾಗ ಶಕ್ತಿ ಯೋಜನೆಯ ಬಸ್ಸು ನನ್ನ ಖರ್ಚು ಬಹಳ ಉಳಿಸಿತು. ಮಾದರಿ ಇದ್ದ ದಿನ ಮಾತ್ರ ಬಾಡಿಗೆ ಜೀಪು, ದಿನಕ್ಕೆ ಸುಮಾರು 2,000 ರೂಪಾಯಿ. ಕಿಟ್, ಟ್ಯೂಬು, ರಾಸಾಯನಿಕ ವಿಭಾಗದ್ದು. ಜೀಪು, ಜೆರಾಕ್ಸ್, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಫೀಸು, ಪಿಜಿ ಬಾಡಿಗೆ ಬಿಟ್ಟು ನನ್ನ ಕೈಯಿಂದ 45,000 ರೂಪಾಯಿಯ ಹತ್ತಿರ ಹೋಯಿತು. ಅಮ್ಮ ಸ್ವಸಹಾಯ ಸಂಘದಿಂದ ಸಾಲ ತೆಗೆದು ಕೊಟ್ಟಿದ್ದು ಅದರಲ್ಲಿ ಅರ್ಧಕ್ಕೂ ಹೆಚ್ಚು.

ಲ್ಯಾಬಿನ ಭಾಗವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರಕ್ತದಿಂದ ಡಿಎನ್‌ಎ ತೆಗೆದು, ಬೀಟಾ ಗ್ಲೋಬಿನ್ ಜೀನಿನ ಆ ತುಣುಕನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಡಿಡಿಇ-1 ಎಂಬ ಎಂಜೈಮಿನಿಂದ ಕತ್ತರಿಸುವುದು. ಮಾಮೂಲಿ ಜೀನಾದರೆ ಎಂಜೈಮ್ ಆ ಜಾಗದಲ್ಲಿ ಕತ್ತರಿಸುತ್ತದೆ, ಅಕ್ಷರ ಬದಲಾಗಿದ್ದರೆ ಅದಕ್ಕೆ ಜಾಗ ಗುರುತು ಸಿಗದೆ ಬಿಟ್ಟುಬಿಡುತ್ತದೆ. ಜೆಲ್ಲಿನಲ್ಲಿ ಓಡಿಸಿದಾಗ ಡಿಎನ್‌ಎ ತುಣುಕುಗಳ ಪಟ್ಟಿಗಳ ಉದ್ದ ನೋಡಿ ಮಾಮೂಲಿ, ವಾಹಕ, ರೋಗಿ ಎಂದು ಮೂರು ಗುಂಪು ಬೇರೆ ಮಾಡಬಹುದು. ಕೆಲವು ಮಾದರಿಗಳನ್ನು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆಂದು ಹೊರಗಿನ ಲ್ಯಾಬಿಗೆ ಕಳಿಸಿದ್ದೆವು. ನಮಗೆ ಪೆಟ್ಟು ಕೊಟ್ಟದ್ದು ಮೈಸೂರಿನ ದಸರಾ. ಮಾದರಿ ಸಂಗ್ರಹಕ್ಕೆ ಮುಂಚೆಯೇ ಕ್ರಮ ಸರಿಹೊಂದಿಸಿಕೊಳ್ಳಲೆಂದು ತರಿಸಿದ್ದ ಎಂಜೈಮ್ ರಜೆಯ ಸಾಲಿನಲ್ಲಿ ಕೊರಿಯರ್ ಗೋದಾಮಿನಲ್ಲಿ ಉಳಿಯಿತು. ಬಂದಾಗ ಐಸೆಲ್ಲ ನೀರು. ಗೊತ್ತಿರುವ ಡಿಎನ್‌ಎಯನ್ನೂ ಅದು ಕತ್ತರಿಸಲಿಲ್ಲ. ಬದಲಿ ಬರುವ ಹೊತ್ತಿಗೆ ನವೆಂಬರ್ ಕಳೆದಿತ್ತು. ತಂಪಿನಲ್ಲಿ ಬರುವ ಯಾವುದನ್ನೂ ಹಬ್ಬದ ಮುಂದಿನ ವಾರಗಳಲ್ಲಿ ತರಿಸಬೇಡಿ, ಪೆಟ್ಟಿಗೆ ಬಿಚ್ಚುವಾಗ ಫೋಟೋ ತೆಗೆಯಿರಿ. ಆ ಫೋಟೋ ಇದ್ದದ್ದರಿಂದಲೇ ನಮಗೆ ಬದಲಿ ಸಿಕ್ಕಿತು. ಪಟ್ಟಿಗಳು ಸರಿಯಾಗಿ ಬಂದ ರಾತ್ರಿ ಯುವಿ ಬೆಳಕಿನ ಮುಂದೆ ನಿಂತು ಸೀನಿಯರ್ ಅಕ್ಕನಿಗೆ ಫೋನ್ ಮಾಡಿ ಕೂಗಿದ್ದೆ. ಆ ಸಂತೋಷ ಮಾತಿಗೆ ಸಿಗುವಂಥದ್ದಲ್ಲ.

ಸಂಖ್ಯೆಗಳನ್ನು ಇಲ್ಲಿ ಕೊಡುತ್ತಿಲ್ಲ, ಪ್ರಕಟಣೆಗೆ ಹೋಗಬೇಕಿದೆ. ಹೇಳಬೇಕಾದದ್ದು ಅದರ ನಂತರದ ಕೆಲಸ. ಪ್ರಬಂಧಕ್ಕೆ ದತ್ತಾಂಶ ಸಿಕ್ಕಿದ ಮೇಲೆ ವಿದ್ಯಾರ್ಥಿ ಮತ್ತೆ ಆ ಊರಿಗೆ ಹೋಗದಿರುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. "ಹಿಂದೆ ಬಂದವರೂ ರಕ್ತ ತಗೊಂಡು ಹೋದರು, ಆಮೇಲೆ ಬರಲೇ ಇಲ್ಲ," ಎಂದು ಹಾಡಿಯ ಹಿರಿಯರೊಬ್ಬರು ಮೊದಲ ಸಭೆಯಲ್ಲೇ ನನಗೆ ಹೇಳಿದ್ದರು. ಬಂದೇ ಬರುತ್ತೇನೆ ಎಂದು ಅವತ್ತೇ ಮಾತು ಕೊಟ್ಟಿದ್ದೆ. ನೈತಿಕ ಸಮಿತಿಯವರು ಪಟ್ಟು ಹಿಡಿದು ಬರೆಸಿದ ಯೋಜನೆ ನಮ್ಮ ಬಳಿ ಇತ್ತು. ಅದರಂತೆ ವೈದ್ಯಾಧಿಕಾರಿಗಳು, ಆಶಾ ಕಾರ್ಯಕರ್ತೆ, ನಾನು ಅಂಗನವಾಡಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು, ಮುಚ್ಚಿದ ಕವರಿನಲ್ಲಿ ಫಲಿತಾಂಶ ಕೊಟ್ಟು ವಿವರಿಸಿದೆವು. ಎಲ್ಲರಿಗೂ ಒಂದೇ ಥರದ ಕವರು, ನಾರ್ಮಲ್ ಇದ್ದವರಿಗೂ ಅಷ್ಟೇ ಹೊತ್ತಿನ ಮಾತು. ಇಲ್ಲದಿದ್ದರೆ ಹೊರಗೆ ಕಾಯುವವರು ಒಳಗೆ ಯಾರು ಹೆಚ್ಚು ಹೊತ್ತು ಕೂತರೆಂದು ನೋಡಿಯೇ ತಿಳಿದುಬಿಡುತ್ತಾರೆ.

ಗಂಡ ಹೆಂಡತಿ ಇಬ್ಬರೂ ವಾಹಕರಾದ ಮನೆಗೆ ಹೇಗೆ ಹೇಳುವುದೆಂದು ನಾನು ಚಾರ್ಟ್ ಬರೆದುಕೊಂಡು ಹೋಗಿದ್ದೆ. ಆಶಾ ಅಕ್ಕ ಚಾರ್ಟನ್ನು ಪಕ್ಕಕ್ಕಿಟ್ಟು ಅಂಗಳದಲ್ಲಿ ಒಣಹಾಕಿದ್ದ ಕಾಫಿಯಿಂದ ಎರಡು ಕೆಂಪು ಹಣ್ಣು, ಎರಡು ಹಸಿರು ಕಾಯಿ ಆರಿಸಿ ತಂದರು. ಗಂಡನ ಅಂಗೈಯಲ್ಲಿ ಒಂದು ಹಣ್ಣು ಒಂದು ಕಾಯಿ, ಹೆಂಡತಿಯ ಅಂಗೈಯಲ್ಲೂ ಹಾಗೇ. "ಮಗುವಿಗೆ ನೀನೊಂದು ಕೊಡ್ತೀಯ, ಅವಳೊಂದು ಕೊಡ್ತಾಳೆ. ಎರಡೂ ಹಸಿರು ಬಂದರೆ ಮಾತ್ರ ಕಾಯಿಲೆ," ಎಂದು ಜೋಡಿ ಮಾಡಿ ಮಾಡಿ ತೋರಿಸಿದರು. ಪ್ರತಿ ಬಸುರಿಗೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕವಾಗುವುದು ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವುದು ನಾಲ್ಕರಲ್ಲಿ ಒಂದು. ಗಂಡ ಕಾಯಿಗಳನ್ನು ತಾನೇ ಮತ್ತೊಮ್ಮೆ ಜೋಡಿಸಿ ನೋಡಿದ. ನನ್ನ ಚಾರ್ಟಿನಿಂದ ಆಗದ್ದು ಅಲ್ಲಿ ಆಯಿತು.

ಇನ್ನೊಬ್ಬ ತಾಯಿ ಕವರು ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಮಗಳ ಮದುವೆ ಮಾತು ನಡೀತಾ ಉಂಟು. ಇದನ್ನ ಅವರಿಗೆ ಹೇಳ್ಬೇಕಾ?" ವೈದ್ಯಾಧಿಕಾರಿಗಳು, "ನಿಮ್ಮ ಮಗಳಿಗೆ ಕಾಯಿಲೆ ಇಲ್ಲಮ್ಮಾ, ಅವಳು ಗಟ್ಟಿಯಾಗೇ ಇದ್ದಾಳೆ. ಮದುವೆ ನಿಲ್ಲಿಸೋ ವಿಷಯ ಅಲ್ಲ ಇದು. ಹುಡುಗನಿಗೂ ಒಂದು ಸಲ ರಕ್ತ ನೋಡಿಸಿಕೊಳ್ಳೋಕೆ ಹೇಳಿ, ನಾನೇ ನೋಡ್ತೀನಿ," ಎಂದರು. ಆ ಪ್ರಶ್ನೆಯ ಮುಂದೆ ನನ್ನ ಓದೆಲ್ಲ ಸಾಲದೆನಿಸಿತು. ವಾಹಕ ಎಂಬ ಮಾತು ಹೆಣ್ಣುಮಗಳ ಮೇಲೆ ಕಳಂಕವಾಗಿ ಕೂರದಂತೆ ನೋಡಿಕೊಳ್ಳುವುದು ಪಿಸಿಆರ್‌ನಷ್ಟೇ ಸೂಕ್ಷ್ಮ ಕೆಲಸ. ಕಾಯಿಲೆ ಖಚಿತವಾದ ಮಕ್ಕಳನ್ನು ಆರೋಗ್ಯ ಕೇಂದ್ರದ ಮೂಲಕ ಮುಂದಿನ ಆಸ್ಪತ್ರೆಗೆ ಕಳಿಸಿ ಫೋಲಿಕ್ ಆಮ್ಲ, ಅಗತ್ಯವಿದ್ದವರಿಗೆ ನೋವಿನ ಸರದಿ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರುವಾಗುವ ತನಕ ಮೇಡಂ ಬೆನ್ನು ಬಿಡಲಿಲ್ಲ.

ಪ್ರಬಂಧ ಬರೆಯುವುದು ಬೇಸಿಗೆಯಲ್ಲಿ ಮುಗಿಯಿತು. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆಗಿನ ಹೋಲಿಕೆ ಶೇಕಡಾ 10ರ ಒಳಗಿದ್ದರೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ವಿಧಾನಗಳ ಅಧ್ಯಾಯದಲ್ಲೇ ಹೋಲಿಕೆ ಹೆಚ್ಚು ಬರುತ್ತದೆ, ಯಾಕೆಂದರೆ ಎಲ್ಲರೂ ಅದೇ ಕ್ರಮವನ್ನು ಅದೇ ಮಾತಿನಲ್ಲಿ ಬರೆಯುತ್ತಾರೆ. ನೀವು ನಿಜವಾಗಿ ಮಾಡಿದ್ದನ್ನು, ನಿಮ್ಮ ಲ್ಯಾಬಿನ ಅಳತೆ, ಸಮಯಗಳ ಸಮೇತ ಬರೆದರೆ ಅದು ತಾನಾಗಿ ಇಳಿಯುತ್ತದೆ. ಮುದ್ರಣಕ್ಕೆ ಕೊಡುವ ಮೊದಲು ಅನುಬಂಧದಲ್ಲಿ ನೈತಿಕ ಸಮಿತಿಯ ಪತ್ರ, ಖಾಲಿ ಒಪ್ಪಿಗೆ ಪತ್ರ ಸೇರಿವೆಯಾ ನೋಡಿ. ಭರ್ತಿಯಾದ ಒಪ್ಪಿಗೆ ಪತ್ರ ಸೇರಿಸಬಾರದು, ಅದರಲ್ಲಿ ಹೆಸರಿರುತ್ತದೆ. ರೆಕ್ಸಿನ್ ಬೈಂಡಿಂಗ್ ಪ್ರತಿಗೆ ಸುಮಾರು 500 ರೂಪಾಯಿ.

ಆಮೇಲೆ ಕಾಯುವಿಕೆ. ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋಯಿತು, ಅದರಾಚೆ ಸುದ್ದಿಯಿಲ್ಲ. ಜೊತೆಯ ಗೆಳತಿಯರು ಕೆಲಸಕ್ಕೆ ಸೇರಿದರು, ಮನೆಗೆ ಬಂದವರೆಲ್ಲ ಓದು ಮುಗೀತಾ ಎಂದು ಕೇಳುವರು, ಅಪ್ಪ ಏನೂ ಕೇಳದೆ ಸುಮ್ಮನಿರುವರು. ಅವರ ಮೌನವೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಆ ಹೊತ್ತಿನಲ್ಲಿ ಸಂಶೋಧನಾ ಫೆಲೋಶಿಪ್‌ನ ಅರ್ಹತಾ ಪರೀಕ್ಷೆ ಸಿಎಸ್‌ಐಆರ್ ನೆಟ್‌ಗೆ ಓದಿದೆ. ಫಲಿತಾಂಶ ಬಾಕಿ ಇರುವವರೂ ಅದಕ್ಕೆ ಅರ್ಜಿ ಹಾಕಬಹುದು, ಸುಮ್ಮನೆ ಕೂರಬೇಡಿ.

ವೈವಾ ಒಂದು ಗಂಟೆಗೂ ಮೀರಿ ನಡೆಯಿತು. ಎಚ್‌ಪಿಎಲ್‌ಸಿ ಇರುವಾಗ ಡಿಎನ್‌ಎ ಪರೀಕ್ಷೆ ಯಾಕೆ, ಮಾದರಿ ಸಂಖ್ಯೆ ಹೇಗೆ ಬಂತು, ಪರೀಕ್ಷೆಯ ಸಂವೇದನಾಶೀಲತೆ (ನಿಜವಾಗಿ ಇರುವವರಲ್ಲಿ ಎಷ್ಟು ಜನರನ್ನು ಅದು ಹಿಡಿಯುತ್ತದೆ ಎಂಬುದು) ಹೇಗೆ ಲೆಕ್ಕ ಹಾಕಿದೆ, ಎಲ್ಲ ನಿರೀಕ್ಷಿಸಿದ್ದ ಪ್ರಶ್ನೆಗಳೇ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ, ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರದ ಚಿಕಿತ್ಸೆ ಕ್ಯಾಸ್ಜೆವಿ ಬಗ್ಗೆಯೂ ಪರೀಕ್ಷಕರು ಕೇಳಿದರು. ಅದು ಕೆಟ್ಟ ಜೀನನ್ನು ತಿದ್ದುವುದಿಲ್ಲ, ಭ್ರೂಣದ ಹಿಮೋಗ್ಲೋಬಿನ್ನನ್ನು ಅಡಗಿಸಿಡುವ ಬಿಸಿಎಲ್11ಎ ಜೀನಿನ ನಿಯಂತ್ರಣ ಭಾಗವನ್ನು ಕತ್ತರಿಸುತ್ತದೆ ಎಂದು ವಿವರಿಸಿದೆ. "ನಿಮ್ಮ ಹಾಡಿಗೆ ಇದು ಯಾವಾಗ ಬರುತ್ತೆ?" ಎಂದರು. ಒಬ್ಬ ರೋಗಿಗೆ 22 ಲಕ್ಷ ಡಾಲರ್ ಬೆಲೆ ಇರುವವರೆಗೆ ಬರುವುದಿಲ್ಲ ಸರ್, ಅಲ್ಲಿ ಈಗ ಬೇಕಿರುವುದು ತಪ್ಪದೆ ಸಿಗುವ ಮಾತ್ರೆ, ಮದುವೆಗೆ ಮುಂಚಿನ ಪರೀಕ್ಷೆ, ಮಾತಾಡಲು ಒಬ್ಬರು, ಎಂದೆ. ಅವರು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು. ಸಣ್ಣ ತಿದ್ದುಪಡಿಗಳೊಂದಿಗೆ ಒಪ್ಪಿಗೆಯಾಯಿತು.

ಇನ್ನು ಕೊನೆಯ ಕಾಗದಗಳ ವಿಷಯ. ತಿದ್ದಿದ ಪ್ರತಿಯ ಜೊತೆ ಗ್ರಂಥಾಲಯ, ಹಾಸ್ಟೆಲ್, ಲ್ಯಾಬು ಮೂರರ ನೋ ಡ್ಯೂ (ಬಾಕಿಯಿಲ್ಲ ಎಂಬ ಪತ್ರ) ಕೊಟ್ಟರೆ ಪಿಡಿಸಿ ಸಿಗುತ್ತದೆ. ಲ್ಯಾಬಿನ ನೋ ಡ್ಯೂಗೆ ಉಳಿದ ಮಾದರಿಗಳ ಲೆಕ್ಕ ಕೊಡಬೇಕು: ಒಪ್ಪಿಗೆ ಪತ್ರದಲ್ಲಿ ಮುಂದಿನ ಸಂಶೋಧನೆಗೆ ಬೇಡ ಎಂದವರ ಮಾದರಿಯನ್ನು ನಾಶ ಮಾಡಿದ ದಾಖಲೆ, ಒಪ್ಪಿದವರದನ್ನು ಫ್ರೀಜರಿನಲ್ಲಿ ಯಾವ ಡಬ್ಬದಲ್ಲಿಟ್ಟಿದೆ ಎಂಬ ಪಟ್ಟಿ. ಪದವಿ ಪ್ರಮಾಣಪತ್ರ ಘಟಿಕೋತ್ಸವದಲ್ಲಿ ಬರುತ್ತದೆ, ಪಿಎಚ್‌ಡಿ ಅರ್ಜಿಗೆ ಅಲ್ಲಿಯವರೆಗೆ ಪಿಡಿಸಿ ನಡೆಯುತ್ತದೆ. ಈ ಸಲ ವಲಸೆ ಪ್ರಮಾಣಪತ್ರದ ಅರ್ಜಿಯನ್ನು ಪಿಡಿಸಿಯ ಜೊತೆಗೇ ಹಾಕಿದ್ದೇನೆ. ಬರುವ ಭಾನುವಾರ ಮತ್ತೆ ಹಾಡಿಗೆ ಹೋಗಬೇಕು. ಫಲಿತಾಂಶ ಕೊಟ್ಟ ದಿನ ತೋಟದಲ್ಲಿದ್ದು ಕವರು ತೆಗೆದುಕೊಳ್ಳಲಾಗದವರು ಇನ್ನೂ ಕೆಲವರಿದ್ದಾರೆ, ವೈದ್ಯಾಧಿಕಾರಿಗಳು ಹತ್ತು ಗಂಟೆಗೆ ಬರುತ್ತೇನೆಂದಿದ್ದಾರೆ.